ಎರಡು ರೂಪಾಯಿಗೆ ಒಂದು ಪ್ರತಿ

ನಡೆದದ್ದು ಇಷ್ಟೇ:
ಚಿಂತಾಮಣಿಯ ತಾಲ್ಲೂಕು ಕಚೇರಿ ಎದುರು,
ಸೋಮವಾರ, ಹನ್ನೊಂದೂಕಾಲು,
ಸುಗುಣ ನನ್ನ ಜೆರಾಕ್ಸ್ ಅಂಗಡಿ ಮುಂದೆ ಹಾದುಹೋದಳು.
ಕೈಯಲ್ಲಿ ಕೊತ್ತಂಬರಿ ಕಟ್ಟು.
ನಾನು ಕೈ ಎತ್ತಿದೆ.
ಅವಳು ಎತ್ತಲಿಲ್ಲ.

ಮೂಲ ಇದೊಂದೇ ಹಾಳೆ.
ಸಹಿ ಇಲ್ಲ, ಸೀಲಿಲ್ಲ.

ರಾತ್ರಿ ತಲೆಯೊಳಗೆ ಯಂತ್ರ ಶುರುವಾಯಿತು.
ಮೊದಲ ಪ್ರತಿ: ನೋಡಲಿಲ್ಲವೇನೋ.
ಎರಡನೆಯದು: ನೋಡಿದಳು. ನೋಡಿಯೂ.
ಮೂರನೆಯದರಲ್ಲಿ ಅವಳ ತಂಗಿಯ ಸೀಮಂತ ಬಂತು,
ಬಳೆ ಸ್ವಲ್ಪ ಅಗ್ಗದ್ದು ಅಂತ ನಾನಂದದ್ದು ಬಂತು.
ಅಂದೆನಾ? ಅನ್ನಲಿಲ್ಲವಾ?
ಅಂದಿರಬೇಕು, ನನ್ನ ಬಾಯಿ ಅಂಥದ್ದೇ.
ಪ್ರತಿಯಿಂದ ಪ್ರತಿ ತೆಗೆದರೆ ಏನಾಗುತ್ತದೆಂದು
ಈ ಕಸುಬಿನವಳಿಗೆ ಯಾರೂ ಹೇಳಿಕೊಡಬೇಕಿಲ್ಲ:
ಅಕ್ಷರ ಊದುತ್ತದೆ, ಬಿಳಿ ಬೂದಿಯಾಗುತ್ತದೆ.
ಹದಿನಾಲ್ಕನೆಯ ಹಾಳೆಯ ಹೊತ್ತಿಗೆ
ಸುಗುಣಳೂ ಇರಲಿಲ್ಲ, ಕೊತ್ತಂಬರಿಯೂ ಇರಲಿಲ್ಲ.
ಅಂಚಿನಿಂದ ಅಂಚಿಗೆ ಕಪ್ಪು, ನಡುವೆ ಒಂದೇ ಸಾಲು:
ಮುನಿರತ್ನ, ನೀನು ಯಾರಿಗೂ ಬೇಡ.

ಯೋಚನೆ ಅಂದುಕೊಂಡಿದ್ದೆ ಅದನ್ನು.
ಇನ್ನೊಂದು ಸಲ ಮೊದಲಿಂದ ನೋಡಿದರೆ
ಗಂಟು ಎಲ್ಲಿದೆಯೋ ಸಿಕ್ಕಿಬಿಡುತ್ತದೆ, ಅಂತ.
ನಾಲ್ಕು ಗಂಟೆಗೆ ಡೈರಿ ವ್ಯಾನು ಬಂದಾಗಲೂ
ಮೊದಲಿಂದ ನೋಡುತ್ತಿದ್ದೆ.

ಮಂಗಳವಾರ ಜೋಡಿ ರಸ್ತೆ ಬಿಟ್ಟು
ಹಿಂದಿನ ಗಲ್ಲಿ ಹಿಡಿದು, ಕೋಳಿ ಅಂಗಡಿ ಮೋರಿ ದಾಟಿ ಬಂದೆ.
ಅಬ್ಬಾ, ಎಂಥ ಹಗುರ!
ಆ ಹಗುರವೇ ನನ್ನನ್ನು ತಿಂದದ್ದು.
ಒಂದು ಬೀದಿ ಬಿಟ್ಟರೆ ಒಂದು ಚೂರು ಬೆಲ್ಲ.
ಬೆಲ್ಲದಾಸೆಗೆ ತರಕಾರಿ ಸಂತೆ ಬಿಟ್ಟೆ,
ಸ್ವಸಹಾಯ ಸಂಘದ ಶನಿವಾರ ಬಿಟ್ಟೆ,
ಫೋನು ಬಡಿದುಕೊಂಡು ತಾನೇ ಸುಮ್ಮನಾಗುವುದನ್ನು
ಪಕ್ಕದ ಮನೆ ಮಗುವಿನ ಅಳುವಿನಂತೆ ಕೇಳಿಸಿಕೊಂಡೆ.
ಆಮೇಲೆ ಯಾರೂ ಮಾಡಲಿಲ್ಲ.
ನೋಡು, ಎಂದಿತು ಹದಿನಾಲ್ಕನೆಯ ಹಾಳೆ,
ನಾನು ಹೇಳಿರಲಿಲ್ಲವೇ?

ಶಟರು ಅರ್ಧಕ್ಕೆ ನಿಂತಿತು.
ತಲೆ ಬಾಚಲೂ ಮನಸ್ಸು ಬರಲಿ ಅಂತ ಕಾದೆ.
ಮನಸ್ಸೇನು ಮದನಪಲ್ಲಿ ಬಸ್ಸೇ,
ನಿಂತಲ್ಲೇ ನಿಂತರೆ ತಾನಾಗಿ ಬರಲು?
ಅಮ್ಮ ಬಾಗಿಲಲ್ಲಿ ನಿಂತು, "ಏಮಾಯ್ನೇ ನೀಕು?" ಅಂದಳು.
ಏನೂ ಆಗಿರಲಿಲ್ಲ.
ಅದೇ ಆಗಿತ್ತು.

ಇಪ್ಪತ್ತಮೂರನೆಯ ದಿನವೋ ಇಪ್ಪತ್ತನಾಲ್ಕನೆಯದೋ,
ಶಟರಿನ ಕೆಳಗೆ ಎರಡು ಹವಾಯಿ ಚಪ್ಪಲಿ.
"ಆಂಟೀ, ಹಾಲ್ ಟಿಕೆಟ್ಟು. ಹತ್ತಕ್ಕೆ ಪರೀಕ್ಷೆ."
ಇಲ್ಲ ಅನ್ನಬೇಕೆಂದೆ. ಅಷ್ಟರಲ್ಲಿ ಕೈ ಸ್ವಿಚ್ಚಿನ ಮೇಲಿತ್ತು.
ಯಂತ್ರ ನರಳಿತು. ಹಸಿರು ದೀಪಕ್ಕೆ ಮೂರು ನಿಮಿಷ.
ಹುಡುಗಿ ಕಾಲು ಕುಣಿಸುತ್ತ ನಿಂತಿದ್ದಳು, ನಾನೂ ನಿಂತಿದ್ದೆ,
ಹನ್ನೊಂದು ವರ್ಷ ದಿನಾ ಮಾಡಿದ್ದು ಅವತ್ತು ಕಂಡಿತು:
ಬಿಸಿಯಾಗಲಿ ಅಂತ ಕಾದು ಯಾರೂ ಸ್ವಿಚ್ ಹಾಕುವುದಿಲ್ಲ.
ಹಾಕಿದ ಮೇಲೆಯೇ ಅದು, ಗೊಣಗಿಕೊಂಡು, ಬಿಸಿಯಾಗುವುದು.

ಪ್ರತಿ ಬಂತು. ಫೋಟೋದ ಮುಖಕ್ಕೆ ಅಡ್ಡಲಾಗಿ ಕಪ್ಪು ಗೆರೆ.
"ಅಯ್ಯೋ, ಇದರಲ್ಲಿ ಗೆರೆ ಇಲ್ವಲ್ಲ ಆಂಟಿ,"
ಮೂಲ ಹಿಡಿದು ತೋರಿಸಿದಳು,
"ನಿಮ್ಮ ಗಾಜು ಒರೆಸಿ."
ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ.
ಪೂರ್ತಿ ಹೋಗಲಿಲ್ಲ. ಮುಖ ಕಂಡಿತು.
ಎರಡು ರೂಪಾಯಿ ಇಟ್ಟು ಓಡಿದಳು.

ಸುಗುಣ ಅವತ್ತು ಯಾಕೆ ಕೈ ಎತ್ತಲಿಲ್ಲವೋ
ಇವತ್ತಿಗೂ ನನಗೆ ಗೊತ್ತಿಲ್ಲ.
ಆ ಗೊತ್ತಿಲ್ಲವನ್ನೇ, ರಾತ್ರಿ ಯಂತ್ರ ಗುರ್ ಅಂದಾಗ,
ಗಾಜಿನ ಮೇಲೆ ಮಗುಚಿ ಇಡುತ್ತೇನೆ.
ಕೆಲವು ರಾತ್ರಿ ಹಾಳೆ ಸಿಕ್ಕಿಕೊಳ್ಳುತ್ತದೆ.
ಗುರುವಾರಗಳಂದು ಇನ್ನೂ ಕೋಳಿ ಅಂಗಡಿ ಗಲ್ಲಿಯಲ್ಲೇ ಬರುತ್ತೇನೆ.
ಉಳಿದ ದಿನ ಜೋಡಿ ರಸ್ತೆ.
ಶಟರು ಪೂರ್ತಿ ಎತ್ತುವಾಗ ಭುಜ ಹಿಡಿಯುತ್ತದೆ,
ಎಣ್ಣೆ ಬಿಡಬೇಕು.